ಐನೂರು ರೂಪಾಯಿ, ಎರಡು ಮಕ್ಕಳು, ಒಂದು ದಿನ

ಊರಿಂದ ನೆಂಟರು ಬಂದರೆ ಮಕ್ಕಳನ್ನು ಬೆಂಗಳೂರು ಸುತ್ತಿಸುವ ಡ್ಯೂಟಿ ಯಾರ ಹೆಗಲಿಗೆ ಬೀಳುತ್ತೆ ಹೇಳಿ? ಆಫೀಸಿಗೆ ಹೋಗುವ ಅಪ್ಪನಿಗೆ ರಜೆ ಇಲ್ಲ. ಅಡುಗೆಮನೆ ಬಿಟ್ಟು ಬರಲು ಅಮ್ಮನಿಗೆ ಆಗಲ್ಲ. ಉಳಿಯುವುದು ಕಾಲೇಜಿಗೆ ರಜೆ ಇರುವವನು, ಇಲ್ಲವೇ ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಕೂತವನು. ‘ನೀನು ಹೇಗೂ ಖಾಲಿ ಇದ್ದೀಯಲ್ಲ’ ಎಂಬ ಒಂದು ಮಾತಿಗೆ ನಾವು ಟೂರಿಸ್ಟ್ ಗೈಡ್ ಆಗಿಬಿಡುತ್ತೇವೆ. ಜೇಬಿನಲ್ಲಿ ಮಾತ್ರ ಗೈಡ್‌ಗೆ ಇರಬೇಕಾದ ದುಡ್ಡು ಇರುವುದಿಲ್ಲ.

ಬಿ.ಇ. ಓದುತ್ತಿರುವ ನನಗೆ ಕಳೆದ ಮೂರು ವರ್ಷದಿಂದ ಈ ಡ್ಯೂಟಿ ಕಾಯಂ. ನಮ್ಮ ಮನೆ ಬನಶಂಕರಿಯಲ್ಲಿ. ತಿಪಟೂರು ಕಡೆಯ ಹಳ್ಳಿಯಲ್ಲಿರುವ ಅಕ್ಕ ಶಾಲೆಗೆ ರಜೆ ಸಿಕ್ಕಾಗ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ದೊಡ್ಡವಳಿಗೆ ಎಂಟು ವರ್ಷ, ಚಿಕ್ಕವನಿಗೆ ನಾಲ್ಕು. ಭಾವ ಟ್ರ್ಯಾಕ್ಟರ್ ರಿಪೇರಿ ಕೆಲಸ ಮಾಡುತ್ತಾರೆ. ಕೆಲಸಕ್ಕೆ ಹೋದ ದಿನ ಮಾತ್ರ ದುಡ್ಡು. ಹೋದ ದಸರಾ ರಜೆಯಲ್ಲಿ ಅವರು ಬಂದದ್ದು ಒಂದು ಭಾನುವಾರಕ್ಕೆ. ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು ಐನೂರರ ನೋಟು ಕೈಗಿಟ್ಟು, ‘ಇಷ್ಟರಲ್ಲಿ ಆಗುತ್ತೇನೋ? ನೀನು ಕೈಯಿಂದ ಹಾಕಬಾರದು, ಓದೋ ಹುಡುಗ’ ಅಂದರು. ಅದು ಕಂಜೂಸುತನ ಅಲ್ಲ. ಅವರ ಪಾಲಿಗೆ ಅದು ಅರ್ಧ ದಿನಕ್ಕೂ ಹೆಚ್ಚಿನ ದುಡಿಮೆ.

ಇನ್ನೊಂದು ಕಡೆ ದೊಡ್ಡವಳದ್ದು ಬೇರೆಯೇ ಚಿಂತೆ. ರಜೆ ಮುಗಿಸಿ ಶಾಲೆಗೆ ಹೋದ ಮೊದಲ ದಿನ ಟೀಚರ್ ಎಲ್ಲರನ್ನೂ ಎಬ್ಬಿಸಿ ‘ಎಲ್ಲಿಗೆ ಹೋಗಿದ್ರಿ’ ಅಂತ ಕೇಳುತ್ತಾರಂತೆ. ಕಳೆದ ಸಲ ಪಕ್ಕದ ಬೆಂಚಿನ ಹುಡುಗಿ ವಂಡರ್‌ಲಾ ಅಂದಳಂತೆ. ‘ನಾನು ಮಾಮನ ಮನೆ ಅಂದೆ, ಎಲ್ಲರೂ ಸುಮ್ನಾದ್ರು’ ಅಂದಳು. ಅದನ್ನು ಕೇಳಿದ ಮೇಲೆ ನನಗೆ ಈ ಭಾನುವಾರ ಸುಮ್ಮನೆ ಕಳೆಯುವ ಭಾನುವಾರ ಆಗಿ ಉಳಿಯಲಿಲ್ಲ.

ಆ ದಿನ ಹೇಗೆ ಕಳೆಯಿತು, ದಕ್ಷಿಣ ಬೆಂಗಳೂರಿನಲ್ಲಿ ಸಣ್ಣ ಮಕ್ಕಳನ್ನು ಕಡಿಮೆ ಖರ್ಚಿನಲ್ಲಿ ಎಲ್ಲೆಲ್ಲಿ ಸುತ್ತಿಸಬಹುದು, ಎಲ್ಲಿ ನಮ್ಮ ಲೆಕ್ಕ ತಪ್ಪುತ್ತೆ ಎಂಬುದನ್ನು ನನ್ನಂಥ ಗೈಡ್‌ಗಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ಬಸ್ಸಿನ ಲೆಕ್ಕ

ಕುಟುಂಬ ಹೊರಟಾಗ ಮೊದಲು ದುಡ್ಡು ತಿನ್ನುವುದು ಓಡಾಟ. ಐದು ಜನ ಅಂದರೆ ಒಂದು ಆಟೋದಲ್ಲಿ ಹಿಡಿಸುವುದಿಲ್ಲ. ಎರಡು ಆಟೋ ಮಾಡಿದರೆ ಐನೂರು ಅಲ್ಲಿಗೇ ಮುಗಿಯಿತು.

ಬಿಎಂಟಿಸಿ ಸಾಮಾನ್ಯ ಬಸ್ಸಿನ ಲೆಕ್ಕ ನೋಡಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಅಕ್ಕನಿಗೆ ಟಿಕೆಟ್ ಇಲ್ಲ, ಕರ್ನಾಟಕದ ವಿಳಾಸವಿರುವ ಆಧಾರ್ ಜೊತೆಗಿದ್ದರೆ ಸಾಕು. ದೊಡ್ಡವಳು ಹೆಣ್ಣುಮಗು, ಅವಳಿಗೂ ಇಲ್ಲ. ಚಿಕ್ಕವನಿಗೆ ಆರು ವರ್ಷ ತುಂಬಿಲ್ಲ, ಅವನೂ ಉಚಿತ. ಗಂಡುಮಕ್ಕಳಿಗೆ ಆರು ದಾಟಿದರೆ ಹನ್ನೆರಡರವರೆಗೆ ಅರ್ಧ ಟಿಕೆಟ್. ಅಂದರೆ ಐದು ಜನರ ಗುಂಪಿನಲ್ಲಿ ದುಡ್ಡು ಕೊಡಬೇಕಾದವರು ನಾನು ಮತ್ತು ಭಾವ ಇಬ್ಬರೇ. 2025ರ ಜನವರಿಯಲ್ಲಿ ದರ ಏರಿದ ಮೇಲೂ ಮೊದಲ ಹಂತಕ್ಕೆ 6 ರೂಪಾಯಿ, ಎರಡನೆಯದಕ್ಕೆ 12. ದಿನವಿಡೀ ಸುತ್ತುವವರಿಗೆ 80 ರೂಪಾಯಿಯ ದಿನದ ಪಾಸ್ ಇದೆ. ಆದರೆ ಮೂರು ನಾಲ್ಕು ಸಣ್ಣ ಪ್ರಯಾಣಕ್ಕೆ ಬಿಡಿ ಟಿಕೆಟ್ಟೇ ಅಗ್ಗ. ಪಾಸ್ ಕೊಳ್ಳುವ ಮೊದಲು ಬೆರಳು ಮಡಚಿ ಲೆಕ್ಕ ಹಾಕಿ.

ಮೆಟ್ರೊದಲ್ಲಿ ಇದೇ ಕುಟುಂಬದ ಲೆಕ್ಕ ಪೂರಾ ಬದಲಾಗುತ್ತೆ. ಅಲ್ಲಿ ಮಕ್ಕಳಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. ಮೂರು ಅಡಿಯೊಳಗಿದ್ದರೆ ಉಚಿತ, ಮೂರು ಅಡಿ ದಾಟಿದರೆ ದೊಡ್ಡವರಷ್ಟೇ ಪೂರ್ತಿ ಟಿಕೆಟ್. ಅರ್ಧ ಟಿಕೆಟ್ ಎಂಬುದೇ ಇಲ್ಲ. ಆರೋಗ್ಯವಾಗಿರುವ ಹೆಚ್ಚಿನ ಮಕ್ಕಳು ಮೂರನೇ ಹುಟ್ಟುಹಬ್ಬದ ಆಸುಪಾಸಿನಲ್ಲೇ ಮೂರು ಅಡಿ ಮುಟ್ಟಿಬಿಡುತ್ತಾರೆ. ನಾಲ್ಕು ವರ್ಷದ ನಮ್ಮ ಹುಡುಗ ಮೆಟ್ರೊದ ಪ್ರಕಾರ ಪೂರಾ ಗಂಡಸು. ಈ ವಿಷಯ ಕೇಳಿ ಅವನಿಗೆ ಎಷ್ಟು ಹೆಮ್ಮೆಯಾಯಿತೆಂದರೆ, ಗೇಟಿನ ಮುಂದೆ ತುದಿಗಾಲಲ್ಲಿ ನಿಂತು ಇನ್ನೂ ಎರಡು ಇಂಚು ಉದ್ದವಾದ. ಭಾವ ಮಾತ್ರ ನಕ್ಕು ಜೇಬು ಮುಟ್ಟಿಕೊಂಡರು.

2025ರ ಫೆಬ್ರುವರಿಯ ದರಪಟ್ಟಿಯಂತೆ ನಾಲ್ಕರಿಂದ ಆರು ಕಿಲೊಮೀಟರ್‌ಗೆ 30 ರೂಪಾಯಿ. ನಮ್ಮ ಐವರಿಗೆ 150. ಅಷ್ಟೇ ದೂರ ಬಸ್ಸಿನಲ್ಲಿ ಹೋದರೆ ಇಬ್ಬರ ಟಿಕೆಟ್ ಸೇರಿ ನಲವತ್ತು ರೂಪಾಯಿ ದಾಟುವುದಿಲ್ಲ. ಮೆಟ್ರೊದಲ್ಲೂ ಆರರೊಳಗೆ ಉಚಿತ, ಹನ್ನೆರಡರವರೆಗೆ ಅರ್ಧ ಎಂಬ ನಿಯಮ ಇದ್ದಿದ್ದರೆ ನಮ್ಮ 150 ರೂಪಾಯಿ 105 ಆಗುತ್ತಿತ್ತು. ನಲವತ್ತೈದು ರೂಪಾಯಿ ಅಂದರೆ ಇಬ್ಬರು ಮಕ್ಕಳ ಇಡ್ಲಿ. ಆಫೀಸಿಗೆ ಒಬ್ಬರೇ ಹೋಗುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಕುಟುಂಬಕ್ಕೆ ಹೇಗೆ ಭಾರವಾಗುತ್ತೆ ಎಂಬುದು ಕುಟುಂಬದ ಜೊತೆ ಹೋದಾಗಲೇ ತಿಳಿಯುವುದು.

ಹಾಗಂತ ಮೆಟ್ರೊ ಬಿಡಬೇಡಿ. ಹಳ್ಳಿಯಿಂದ ಬಂದ ಮಗುವಿಗೆ ಬೆಂಗಳೂರಿನಲ್ಲಿ ಮೊದಲು ನೋಡಬೇಕಾದ ಜಾಗ ಮೆಟ್ರೊ. ನನ್ನ ಸೂತ್ರ ಇಷ್ಟೇ: ಊರು ಸುತ್ತಲು ಬಸ್ಸು, ಮೆಟ್ರೊ ನೋಡಲು ಮಾತ್ರ ಮೆಟ್ರೊ. ದಿನಕ್ಕೆ ಒಂದೇ ಸಲ, ಒಂದೇ ದಿಕ್ಕಿಗೆ.

ಬೆಳಿಗ್ಗೆ: ಕಹಳೆ ಬಂಡೆ, ದೊಡ್ಡ ಬಸವ

ಸಣ್ಣ ಮಕ್ಕಳ ಜೊತೆ ದಿನಕ್ಕೆ ಐದು ಜಾಗ ಎಂದು ಪಟ್ಟಿ ಮಾಡಿದರೆ ಎರಡನೆಯ ಜಾಗದಲ್ಲೇ ಅಳು ಶುರು. ಬೆಳಿಗ್ಗೆ ಒಂದು, ಸಂಜೆ ಒಂದು, ಮಧ್ಯಾಹ್ನ ನಿದ್ದೆ. ಇದನ್ನು ಮೀರಬಾರದು.

ನಾವು ಬೆಳಿಗ್ಗೆ ಏಳೂವರೆಗೆ ಬನಶಂಕರಿಯ ಟಿಟಿಎಂಸಿಯಿಂದ ಬಸ್ಸು ಹತ್ತಿ ಬಸವನಗುಡಿಗೆ ಹೋದೆವು. ಕಹಳೆ ಬಂಡೆ ಪಾರ್ಕಿಗೆ ಟಿಕೆಟ್ ಇಲ್ಲ. ಇಂಗ್ಲಿಷಿನಲ್ಲಿ ಬ್ಯೂಗಲ್ ರಾಕ್ ಅನ್ನುವ ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಎಂಟು ವರ್ಷದ ಹುಡುಗಿಗೆ 300 ಕೋಟಿ ಅಂದರೆ ಏನು ಅರ್ಥವಾಗುತ್ತೆ? ‘ಡೈನೋಸಾರ್ ಹುಟ್ಟೋಕೆ ಮುಂಚೆನೇ ಈ ಕಲ್ಲು ಮುದುಕ ಆಗಿತ್ತು’ ಅಂದೆ. ಅವಳು ಬಂಡೆಗೆ ಕೈಮುಗಿದಳು. ಚಿಕ್ಕವನು ಅದರ ಮೇಲೆ ಜಾರುಬಂಡಿ ಆಡಿದ. ಅಲ್ಲಿರುವ ಡಿ.ವಿ. ಗುಂಡಪ್ಪನವರ ಪ್ರತಿಮೆಯ ಹತ್ತಿರ ಭಾವ ನಿಂತು, ‘ಇವರ ಕಗ್ಗ ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸ್ತಿದ್ರು’ ಅಂದರು. ಭಾವ ಶಾಲೆಯ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಕ್ಕದಲ್ಲೇ ದೊಡ್ಡ ಬಸವಣ್ಣನ ಗುಡಿ. ಒಂದೇ ಕಲ್ಲಿನಲ್ಲಿ ಕೆತ್ತಿದ ಬಸವ, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕೆಂಪೇಗೌಡರ ಕಾಲದ್ದು. ಮಕ್ಕಳಿಗೆ ಇಲ್ಲಿ ಹೇಳಲು ಎರಡು ಕಥೆಗಳಿವೆ. ಒಂದು, ಹೊಲದ ಕಡಲೆಕಾಯಿ ಮೇಯುತ್ತಿದ್ದ ಬಸವನದು. ಅದಕ್ಕೆ ಗುಡಿ ಕಟ್ಟಿಸಿ, ಮೊದಲ ಫಸಲನ್ನು ಅದಕ್ಕೇ ಒಪ್ಪಿಸುತ್ತೇವೆ ಎಂದು ರೈತರು ಹರಕೆ ಹೊತ್ತರಂತೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಅದರ ನೆನಪು. ಇನ್ನೊಂದು, ವೃಷಭಾವತಿ ನದಿಯದು. ಬಸವನ ಪಾದದಲ್ಲಿ ಹುಟ್ಟಿದ ನದಿ ಎಂದು ನಂಬಿಕೆ, ಅದಕ್ಕೇ ಆ ಹೆಸರು. ‘ಆ ನದಿ ಈಗ ಎಲ್ಲಿದೆ ಮಾಮ?’ ಅಂದಳು ದೊಡ್ಡವಳು. ಮೈಸೂರು ರಸ್ತೆಯ ಪಕ್ಕ ಕಪ್ಪಗೆ ಹರಿಯುತ್ತಿದೆ ಎಂದೆ. ಪ್ರವಾಸ ಅಂದಮೇಲೆ ಚಂದದ್ದನ್ನಷ್ಟೇ ತೋರಿಸಬೇಕೆಂದಿಲ್ಲ.

ತಿಂಡಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ನೆನಪಾಗುತ್ತೆ. 1943ರಿಂದ ದೋಸೆ ಹಾಕುತ್ತಿರುವ ಜಾಗ. ಆದರೆ ಭಾನುವಾರ ಬೆಳಿಗ್ಗೆ ಹಸಿದ ನಾಲ್ಕು ವರ್ಷದವನನ್ನು ಆ ಸಾಲಿನಲ್ಲಿ ನಿಲ್ಲಿಸುವ ಧೈರ್ಯ ನನಗಿರಲಿಲ್ಲ. ಮಕ್ಕಳಿದ್ದರೆ ನಿಂತು ತಿನ್ನುವ ದರ್ಶಿನಿಯೇ ವಾಸಿ. ಈ ದರ್ಶಿನಿ ಎಂಬ ಪದ್ಧತಿ ಹುಟ್ಟಿದ್ದೂ ನಮ್ಮ ಜಯನಗರದಲ್ಲೇ, 1983ರಲ್ಲಿ, ಆರ್. ಪ್ರಭಾಕರ್ ಅವರ ಕೆಫೆ ದರ್ಶಿನಿಯಿಂದ. ಐದು ಜನರಿಗೆ ಇಡ್ಲಿ, ಒಂದು ದೋಸೆ, ಎರಡು ಕಾಫಿಗೆ ನಮಗಾದದ್ದು 160 ರೂಪಾಯಿ. ಇದಕ್ಕಿಂತ ಕೈ ಬಿಗಿಯಾಗಿದ್ದರೆ ಇಂದಿರಾ ಕ್ಯಾಂಟೀನ್ ಇದೆ. ರಾಜ್ಯದ ಮೊದಲ ಇಂದಿರಾ ಕ್ಯಾಂಟೀನ್ ಉದ್ಘಾಟನೆಯಾದದ್ದು 2017ರ ಆಗಸ್ಟ್ 16ರಂದು, ಜಯನಗರದ ಕನಕನಪಾಳ್ಯದಲ್ಲಿ. ತಿಂಡಿ 5, ಊಟ 10 ರೂಪಾಯಿ. ಕೆಲಸ ಹುಡುಕುವ ನನ್ನ ಸೀನಿಯರ್‌ಗಳು ಎಷ್ಟೋ ಜನ ಅದರ ಋಣದಲ್ಲಿದ್ದಾರೆ. ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗಲು ನಾಚಿಕೆ ಪಡಬೇಕಾದ್ದೇನೂ ಇಲ್ಲ.

ಮಧ್ಯಾಹ್ನ: ಬೀಗ ಹಾಕಿದ ಗೇಟು

ಹನ್ನೊಂದರ ಹೊತ್ತಿಗೆ ಮನೆಗೆ ಮರಳಿದೆವು. ಮನೆ ಹತ್ತಿರ ಇರುವವರಿಗೆ ಇದು ಸರಿ. ದೂರದಿಂದ ಬಂದವರು ಮಧ್ಯಾಹ್ನ ಎಲ್ಲಿಗೆ ಹೋಗಬೇಕು?

ನನಗೆ ಬುದ್ಧಿ ಬಂದಾಗಿನಿಂದ ಬೆಂಗಳೂರಿನ ಪಾರ್ಕುಗಳ ಗೇಟು ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಮಧ್ಯಾಹ್ನದ ಮೇಲೆ ತೆರೆಯುತ್ತಿದ್ದವು. ವಾಕಿಂಗ್ ಮಾಡುವವರ ಸಮಯ ಅದು. ಮಗುವಿಗೆ ಊಟ ಮಾಡಿಸಬೇಕಾದ ತಾಯಿಗೆ, ಇಂಟರ್‌ವ್ಯೂಗೂ ಇಂಟರ್‌ವ್ಯೂಗೂ ನಡುವೆ ಮೂರು ಗಂಟೆ ಕಳೆಯಬೇಕಾದ ಹುಡುಗನಿಗೆ ನೆರಳು ಬೇಕಾಗುವುದು ಸರಿಯಾಗಿ ಗೇಟು ಮುಚ್ಚಿರುವ ಹೊತ್ತಿನಲ್ಲಿ. 2024ರ ಜೂನ್‌ನಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಆದೇಶವಾಯಿತು. ನನ್ನ ಕಣ್ಣಿಗೆ ಬೆಂಗಳೂರಿನಲ್ಲಿ ಬಡ ಕುಟುಂಬಗಳಿಗಾಗಿ ಆದ ದೊಡ್ಡ ಪ್ರವಾಸೋದ್ಯಮ ಯೋಜನೆ ಅದು. ಒಂದು ರೂಪಾಯಿ ಕಾಮಗಾರಿ ಇಲ್ಲ, ಬೀಗ ತೆಗೆದರೆ ಆಯಿತು. ಆದರೂ ನಾನು ಓಡಾಡಿದ ಒಂದೆರಡು ಬಡಾವಣೆಗಳಲ್ಲಿ ಮಧ್ಯಾಹ್ನ ಬೀಗ ನೋಡಿದ್ದೇನೆ. ಆದ್ದರಿಂದ ಮಕ್ಕಳನ್ನು ಕರೆದೊಯ್ಯುವ ಹಿಂದಿನ ದಿನ ಒಂದು ಸಲ ಹೋಗಿ ನೋಡಿ ಬನ್ನಿ.

ಮಧ್ಯಾಹ್ನಕ್ಕೆ ನಂಬಬಹುದಾದ ಜಾಗ ಲಾಲ್‌ಬಾಗ್. ಇಲ್ಲಿಗೆ ಪ್ರವೇಶ ಟಿಕೆಟ್ ಇದೆ, ಆದರೆ ಒಳಗೆ ಹೋದಮೇಲೆ ಇಡೀ ದಿನ ಯಾರೂ ಎಬ್ಬಿಸುವುದಿಲ್ಲ. 240 ಎಕರೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ. ದೊಡ್ಡವರು ಗಾಜಿನ ಮನೆ ನೋಡಲು ಹೋಗುತ್ತಾರೆ, ಮಕ್ಕಳಿಗೆ ಬೇಕಾದ್ದು ಬೇರೆ: ನಾಲ್ಕಾರು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಬೂರುಗದ ಮರ, ಕಲ್ಲಾಗಿ ಹೋಗಿರುವ ಮರದ ಕಾಂಡ, ಹೂವಿನ ಗಡಿಯಾರ, ಕೆಂಪೇಗೌಡರ ಗೋಪುರ ಇರುವ ಬಂಡೆ. ಊಟದ ಡಬ್ಬಿ ಸ್ಟೀಲಿನದಿರಲಿ, ಪ್ಲಾಸ್ಟಿಕ್ ಬೇಡ. ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ರಜಾದಿನಗಳಲ್ಲಿ ಮಾತ್ರ ಸಣ್ಣ ಮಕ್ಕಳನ್ನು ಕರೆದೊಯ್ಯಬೇಡಿ. ಮೂರು ಅಡಿ ಎತ್ತರದಿಂದ ನೋಡಿದರೆ ಅಲ್ಲಿ ಹೂವು ಕಾಣುವುದಿಲ್ಲ, ಜನರ ಪ್ಯಾಂಟು ಸೀರೆ ಕಾಣುತ್ತೆ.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಹೆಂಗಸರು, ಮಕ್ಕಳು ಇರುವ ಗುಂಪಿನ ದಾರಿಯನ್ನು ತೀರ್ಮಾನಿಸುವುದು ಅದೇ. ಅಕ್ಕ ಹೊರಗೆ ಹೊರಟ ದಿನ ನೀರೇ ಕುಡಿಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಈ ಓಡಾಟಗಳಲ್ಲಿ. ಅಮ್ಮನೂ ಹಾಗೇ ಮಾಡುತ್ತಾಳಂತೆ. ಹಾಗಾಗಿ ನಾನೀಗ ದಾರಿ ಹಾಕುವುದು ಟಿಟಿಎಂಸಿ, ಮೆಟ್ರೊ ನಿಲ್ದಾಣ, ದೊಡ್ಡ ಪಾರ್ಕು ಇವುಗಳನ್ನು ಗೆರೆ ಎಳೆದು ಸೇರಿಸಿಕೊಂಡು. ‘ಅಲ್ಲಿ ಇದೆ ಅಕ್ಕ, ನೀರು ಕುಡಿ’ ಅಂದರೆ ಅವಳ ಮುಖ ಸಡಿಲಾಗುವುದು ಕಾಣುತ್ತೆ.

ಸಂಜೆ: ರಸ್ತೆಯ ಮೇಲೆ ರಸ್ತೆ, ಅದರ ಮೇಲೆ ರೈಲು

ನಾಲ್ಕು ಗಂಟೆಗೆ ಆರ್.ವಿ. ರೋಡ್ ಮೆಟ್ರೊ ನಿಲ್ದಾಣ. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿವರೆಗೆ ಬಂದಾಗ ಇದೊಂದು ಸಾಧಾರಣ ನಿಲ್ದಾಣ. 2025ರ ಆಗಸ್ಟ್ 10ರಂದು ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಇಲ್ಲಿ ಎರಡು ಬಣ್ಣ ಸೇರುತ್ತವೆ. ‘ಹಸಿರು ರೈಲಿಂದ ಇಳಿದು ಹಳದಿ ರೈಲು ಹತ್ತೋದು’ ಎಂಬುದೇ ಚಿಕ್ಕವನಿಗೆ ಮಹಾ ಆಟ. ಮಾರ್ಗ ಹೊಸತು, ಆಗ ರೈಲುಗಳ ಸಂಖ್ಯೆ ಕಡಿಮೆ ಇತ್ತು. ಕಾಯುವಷ್ಟು ಹೊತ್ತು ಪ್ಲಾಟ್‌ಫಾರ್ಮಿನಿಂದ ಜಯನಗರದ ಮರಗಳ ತಲೆ ನೋಡಿದೆವು. ಮರವನ್ನು ಮೇಲಿನಿಂದ ನೋಡುವ ಅವಕಾಶ ಹಳ್ಳಿಯಲ್ಲಿ ತೆಂಗಿನಕಾಯಿ ಕೀಳುವವರಿಗೆ ಮಾತ್ರ ಎಂದರು ಭಾವ.

ರಾಗಿಗುಡ್ಡ ನಿಲ್ದಾಣದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗೆ ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ರೈಲು. ಸುಮಾರು ಮೂರು ಕಿಲೊಮೀಟರ್ ಉದ್ದದ ಈ ಡಬಲ್ ಡೆಕ್ಕರ್‌ನ ಒಂದು ಬದಿ 2024ರ ಜುಲೈನಲ್ಲಿ ವಾಹನಗಳಿಗೆ ತೆರೆಯಿತು. ಜಯದೇವ ಆಸ್ಪತ್ರೆಯ ಹತ್ತಿರ ಇನ್ನೂ ಮಜಾ. ಅಲ್ಲಿ ನೆಲದೊಳಗೆ ಅಂಡರ್‌ಪಾಸ್, ನೆಲದ ಮೇಲೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಹಳದಿ ಮಾರ್ಗ. ಬನ್ನೇರುಘಟ್ಟ ರಸ್ತೆಯ ಗುಲಾಬಿ ಮಾರ್ಗವೂ ಇದನ್ನು ಇಲ್ಲೇ ದಾಟಬೇಕು.

ಟ್ಯೂಷನ್ ಹೇಳಿಕೊಡದ ನನ್ನ ಎಂಜಿನಿಯರಿಂಗ್ ಮೊದಲ ಸಲ ಕೆಲಸಕ್ಕೆ ಬಂತು. ಎರಡು ಬೋಗಿ ನಡುವೆ ಜಾಗ ಏಕೆ ಬಾಗುತ್ತೆ, ಕಂಬ ಏಕೆ ಮೇಲೆ ಅಗಲ, ರೈಲು ತಿರುಗುವಾಗ ನಾವೇಕೆ ವಾಲುತ್ತೇವೆ? ದೊಡ್ಡವಳು ಕೇಳುತ್ತಲೇ ಇದ್ದಳು. ಪಕ್ಕದಲ್ಲಿ ಕೂತಿದ್ದ, ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗುತ್ತಿದ್ದ ಹುಡುಗನೊಬ್ಬ ಇಯರ್‌ಫೋನ್ ತೆಗೆದು ನನ್ನ ಉತ್ತರ ಕೇಳಿಸಿಕೊಳ್ಳತೊಡಗಿದ. ವೈವಾದಲ್ಲಿ ಕೂಡ ನನ್ನ ಮಾತನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿಲ್ಲ.

ವಾಪಸ್ ಬಂದದ್ದು ಬಸ್ಸಿನಲ್ಲಿ. ಈ ಸಲ ಕೆಳಗಿನಿಂದ ಮೇಲಿನ ರೈಲು ನೋಡುತ್ತಾ. ಟ್ರಾಫಿಕ್ಕಿನಲ್ಲಿ ನಿಂತಾಗ ಹೆಸರಿನ ಆಟ ಆಡಿದೆವು. ಬಿಟಿಎಂ ಅಂದರೇನು? ಭೈರಸಂದ್ರ, ತಾವರೆಕೆರೆ, ಮಡಿವಾಳ. ಜೆ.ಪಿ. ಯಾರು? ಜಯಪ್ರಕಾಶ್ ನಾರಾಯಣ್. ಜಯನಗರದ ಜಯ? ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ್. ರಾಗಿಗುಡ್ಡಕ್ಕೆ ಆ ಹೆಸರು ಏಕೆ? ಇದಕ್ಕೆ ಉತ್ತರ ಹೇಳಿದ್ದು ಅಕ್ಕ. ಭಿಕ್ಷೆ ಕೇಳಿ ಬಂದವರಿಗೆ ಸೊಸೆ ರಾಗಿ ಕೊಡಲು ಹೋದಳಂತೆ, ಅತ್ತೆ ತಡೆದಳಂತೆ, ರಾಗಿಯ ರಾಶಿ ಕಲ್ಲಾಯಿತಂತೆ. ‘ನಮ್ಮ ಅತ್ತೆ ಹಂಗಲ್ಲಪ್ಪ’ ಎಂದು ಭಾವನ ಕಡೆ ನೋಡಿ ನಕ್ಕಳು. ಈ ಕಥೆ ಅವಳಿಗೆ ಹೇಗೆ ಗೊತ್ತು? ಪಿಯುಸಿ ಓದುವಾಗ ಒಂದು ವರ್ಷ ನಮ್ಮ ಮನೆಯಲ್ಲಿದ್ದಳಲ್ಲ, ಆಗ ಕೇಳಿದ್ದಂತೆ. ಆಮೇಲೆ ಮದುವೆಯಾಯಿತು. ಕಿಟಕಿ ಪಕ್ಕ ಕೂತು ಅಕ್ಕ ಒಂದೊಂದೇ ಜಾಗ ಗುರುತು ಹಿಡಿಯುತ್ತಿದ್ದಳು, ‘ಇಲ್ಲೊಂದು ಪುಸ್ತಕದಂಗಡಿ ಇತ್ತು ಕಣೋ’ ಎಂದು. ಮಕ್ಕಳಿಗೆ ಊರು ತೋರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಊರನ್ನು ಹೆಚ್ಚು ನೋಡಿದ್ದು ಅವಳು. ಮನೆಯ ಹೆಂಗಸರು ಮಕ್ಕಳ ನೆಪವಿಲ್ಲದೆ ಸುಮ್ಮನೆ ಊರು ನೋಡಲು ಹೊರಡುವುದು ಎಷ್ಟು ಮನೆಗಳಲ್ಲಿದೆ?

ಲೆಕ್ಕ ಒಪ್ಪಿಸುವುದು

ಬೆಳಿಗ್ಗೆ ಬಸ್ಸಿಗೆ ಹೋಗಿ ಬಂದದ್ದು 48. ತಿಂಡಿ 160. ಕಡಲೆಕಾಯಿ, ಸೀಬೆಹಣ್ಣು 40. ಸಂಜೆ ಮೆಟ್ರೊ ನಿಲ್ದಾಣಕ್ಕೆ ಬಸ್ಸು 12. ಮೆಟ್ರೊ 150. ವಾಪಸ್ ಬಸ್ಸು 46. ಸಂಜೆಯ ಟೀ, ಶೌಚಾಲಯ 30. ಒಟ್ಟು 486. ಉಳಿದ ಹದಿನಾಲ್ಕು ರೂಪಾಯಿಯನ್ನು ಭಾವನಿಗೆ ಕೊಟ್ಟೆ. ಅವರು ಎಣಿಸಲಿಲ್ಲ. ಮಕ್ಕಳಿಗೆ ಎರಡು ಚಾಕೊಲೇಟ್ ತಂದರು.

ಮಾಲ್ ಕೇಳಲಿಲ್ಲವೇ ಅಂದರೆ, ಕೇಳಿದರು. ಬಸ್ಸಿನ ಕಿಟಕಿಯಿಂದ ದೊಡ್ಡ ಮಾಲ್ ಕಂಡಾಗ ಚಿಕ್ಕವನು ಗೇಮ್ ಜೋನ್ ಬೇಕೆಂದ. ಅಲ್ಲಿ ಕಾರ್ಡಿಗೆ ದುಡ್ಡು ತುಂಬಿಸಿದರೆ ಒಂದು ದಿನದ ನಮ್ಮ ಬಜೆಟ್ ಅರ್ಧ ಗಂಟೆಗೆ ಸಾಲದು. ಮಾಲ್‌ಗೆ ಹೋಗುವವರನ್ನು ನಾನು ಬಯ್ಯುವುದಿಲ್ಲ. ತಂಪು, ಶುದ್ಧ ಶೌಚಾಲಯ, ಮಕ್ಕಳು ರಸ್ತೆಗೆ ಓಡುವ ಭಯವಿಲ್ಲ. ಈ ಮೂರನ್ನು ನಮ್ಮ ಪಾರ್ಕು, ಫುಟ್‌ಪಾತು ಕೊಟ್ಟರೆ ಅರ್ಧ ಜನ ಇಲ್ಲಿಗೇ ಬರುತ್ತಾರೆ. 1948ರಲ್ಲಿ ಜಯನಗರದ ನಕಾಶೆ ಹಾಕಿದವರಿಗೆ ಇದು ಗೊತ್ತಿತ್ತು. ಬ್ಲಾಕಿಗೆ ತಕ್ಕ ಪಾರ್ಕು, ಮಾರುಕಟ್ಟೆ, ಅಗಲ ರಸ್ತೆ, ನೆರಳು. ಮಗುವಿನ ಕೈ ಹಿಡಿದು ಹತ್ತು ನಿಮಿಷ ನಡೆದರೆ ಸಿಗುವಂತೆ. ಆಮೇಲಿನ ಬಡಾವಣೆಗಳಲ್ಲಿ ಮಗುವಿನ ಕೈ ಹಿಡಿದು ನಡೆದು ನೋಡಿ, ಫುಟ್‌ಪಾತ್ ಎಲ್ಲಿ ಮುಗಿಯುತ್ತೆ ಎಂದು ತಿಳಿಯುತ್ತೆ. ಅಲ್ಲಿ ಎತ್ತಿಕೊಂಡೇ ನಡೆಯಬೇಕು.

ಇನ್ನೊಂದು ಭಾನುವಾರ ಸಿಕ್ಕರೆ

ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಗೆ ಬೆಳಿಗ್ಗೆ ಹೋಗಿ. ಒಣಗಿ ಹೋಗುತ್ತಿದ್ದ ಆ ಕೆರೆಯನ್ನು ಸುತ್ತಲಿನ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು ಉಳಿಸಿದರು. ಹೆಜ್ಜಾರ್ಲೆ, ನೀರುಕಾಗೆ, ನಾಮದ ಕೋಳಿಗಳು ಬೈನಾಕ್ಯುಲರ್ ಇಲ್ಲದೆಯೂ ಕಾಣುತ್ತವೆ. ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಹಕ್ಕಿ ಬರೆಸಿದರೆ ಎರಡು ಗಂಟೆ ಮೊಬೈಲ್ ಕೇಳುವುದಿಲ್ಲ.

ರಾಗಿಗುಡ್ಡದ ಆಂಜನೇಯ ದೇವಸ್ಥಾನ ಜಯನಗರ ಒಂಬತ್ತನೇ ಬ್ಲಾಕಿನಲ್ಲಿದೆ. ಸಂಜೆ ಮೆಟ್ಟಿಲು ಹತ್ತಿಸಿದರೆ ರಾತ್ರಿ ಮಕ್ಕಳು ಬೇಗ ಮಲಗುತ್ತಾರೆ ಎಂಬುದು ಅಮ್ಮನ ಅನುಭವ.

ಜೆ.ಪಿ. ನಗರ ಎರಡನೇ ಹಂತದಲ್ಲಿ ರಂಗಶಂಕರ ಇದೆ. ಶಂಕರ್‌ನಾಗ್ ಕನಸನ್ನು ಅರುಂಧತಿ ನಾಗ್ ಮತ್ತು ಗೆಳೆಯರು 2004ರಲ್ಲಿ ಕಟ್ಟಿ ನಿಲ್ಲಿಸಿದ ರಂಗಮಂದಿರ. ‘ಆಹಾ’ ಹೆಸರಿನಲ್ಲಿ ಮಕ್ಕಳ ನಾಟಕಗಳು ಆಗುತ್ತವೆ. ಇಲ್ಲಿಗೆ ಟಿಕೆಟ್ ಖರ್ಚಿದೆ, ಎಷ್ಟು ವಯಸ್ಸಿನ ಮಕ್ಕಳಿಗೆ ಎಂದು ಮೊದಲೇ ನೋಡಿಕೊಳ್ಳಿ. ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಅರ್ಧ ಗಂಟೆ ಮೊದಲೇ ತಲುಪಿ.

ಬನ್ನೇರುಘಟ್ಟಕ್ಕೆ 365 ಸಂಖ್ಯೆಯ ಬಸ್ಸುಗಳಿವೆ. ಮಂಗಳವಾರ ರಜೆ ಎಂಬುದು ನೆನಪಿರಲಿ. ಸಫಾರಿ ಸೇರಿಸಿದರೆ ಐನೂರರೊಳಗೆ ಆಗದು. ಅದಕ್ಕೆ ಒಂದು ವರ್ಷ ಹುಂಡಿಯಲ್ಲಿ ದುಡ್ಡು ಕೂಡಿಡುವುದೇ ದಾರಿ. ಕೂಡಿಡುವ ಕೆಲಸ ಮಕ್ಕಳಿಗೇ ಕೊಡಿ.

ನನ್ನಂತೆ ಗೈಡ್ ಡ್ಯೂಟಿ ಬಿದ್ದವರಿಗೆ ಕೊನೆಯ ಮಾತು. ಚೀಲದಲ್ಲಿ ನೀರು, ಒಂದು ಜೊತೆ ಮಕ್ಕಳ ಬಟ್ಟೆ, ಚಿತ್ರಾನ್ನದ ಡಬ್ಬಿ, ಕೊಡೆ ಇರಲಿ. ಹೊರಡುವ ಮುನ್ನ ನಿಮ್ಮ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಮಕ್ಕಳ ಜೇಬಿಗೆ ಹಾಕಿ. ಎಷ್ಟು ದುಡ್ಡಿದೆ ಎಂಬುದನ್ನು ದೊಡ್ಡ ಮಕ್ಕಳಿಗೆ ಮುಚ್ಚಿಡಬೇಡಿ. ನಮ್ಮ ದೊಡ್ಡವಳು ಬೆಳಿಗ್ಗೆ ಒಂಬತ್ತರಿಂದ ತಾನೇ ಲೆಕ್ಕ ಬರೆಯತೊಡಗಿದಳು. ಸಂಜೆ ಚಿಕ್ಕವನು ಐಸ್‌ಕ್ರೀಂ ಕೇಳಿದಾಗ ‘ಬಸ್ಸಿಗೆ ನಲವತ್ತಾರು ಬೇಕು, ಸುಮ್ನಿರು’ ಅಂದದ್ದು ಅವಳೇ.

ಶಾಲೆ ಶುರುವಾದ ವಾರ ಅಕ್ಕ ಫೋನ್ ಮಾಡಿದಳು. ಟೀಚರ್ ಈ ಸಲವೂ ಕೇಳಿದರಂತೆ. ನಮ್ಮವಳು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದಳಂತೆ, ರಸ್ತೆಯ ಕೆಳಗೆ ರಸ್ತೆ, ಮೇಲೆ ರಸ್ತೆ, ಅದರ ಮೇಲೆ ರೈಲು. ಯಾರೂ ನಂಬಲಿಲ್ಲವಂತೆ. ಈ ಕಾರ್ತಿಕದಲ್ಲಿ ಪರಿಷೆಗೆ ಬರುತ್ತೇವೆ, ಫೋಟೊ ತೆಗೆದುಕೊಡು ಎಂದು ಈಗಲೇ ಹೇಳಿಟ್ಟಿದ್ದಾಳೆ. ಆ ವಾರವೇ ನನಗೆ ಇಂಟರ್ನಲ್ಸ್ ಇರುವ ಹಾಗಿದೆ. ನೋಡಬೇಕು, ಸೋಮವಾರ ಸಂಜೆ ಐದರ ಮೇಲೆ ನಾನು ಖಾಲಿ.